ಔಷಧಿ ಡಬ್ಬಿಯಲ್ಲಿ ಯಾವುದು ಮೊದಲು?



ಹೃದಯಾಘಾತವಾದವರು ಆಸ್ಪತ್ರೆಯಿಂದ ಮನೆಗೆ ಮರಳುವಾಗ ಅವರ ಜೊತೆ ಒಂದು ಚೀಲ ಮಾತ್ರೆಗಳೂ ಬರುತ್ತವೆ. ರೋಗಿ ಪತಿಯಾಗಿರಲಿ, ಮಾವನಾಗಿರಲಿ, ಹೆತ್ತ ತಾಯಿಯಾಗಿರಲಿ, ಆ ಚೀಲ ಕೊನೆಗೆ ಬಂದು ಸೇರುವುದು ಮನೆಯ ಹೆಣ್ಣಿನ ಕೈಗೆ. ಬೆಳಗ್ಗೆ ಯಾವುದು, ರಾತ್ರಿ ಯಾವುದು, ಊಟಕ್ಕೆ ಮೊದಲು ಯಾವುದು, ಊಟವಾದ ಮೇಲೆ ಯಾವುದು ಎಂದು ನೆನಪಿಟ್ಟುಕೊಂಡು ಕೊಡುವವಳು ಅವಳು. ಮುಗಿಯುವ ಮೊದಲೇ ಮೆಡಿಕಲ್ ಶಾಪಿಗೆ ಮಗನನ್ನು ಕಳುಹಿಸುವವಳೂ ಅವಳೇ. ತಿಂಗಳ ಕೊನೆಯಲ್ಲಿ ಹಣ ಸಾಲದಿದ್ದಾಗ "ಎಲ್ಲ ಬೇಡ, ಮುಖ್ಯವಾದುದನ್ನು ಮಾತ್ರ ತೆಗೆದುಕೊಂಡು ಬಾ" ಎಂದು ಹೇಳಬೇಕಾಗಿ ಬರುವುದೂ ಅವಳಿಗೇ.

ಆದರೆ ಮುಖ್ಯವಾದುದು ಯಾವುದು? ಹಲವು ಮನೆಗಳಲ್ಲಿ ಈ ಪ್ರಶ್ನೆಗೆ ತಪ್ಪು ಉತ್ತರ ಸಿಗುತ್ತದೆ. ಚೀಟಿಯಲ್ಲಿರುವ ಒಂದು ಮಾತ್ರೆಯನ್ನು ಯಾರೋ "ಇದು ಹೃದಯಕ್ಕೆ ಶಕ್ತಿ ಕೊಡುತ್ತದೆ" ಎಂದಿರುತ್ತಾರೆ. ಅದು ಮುಖ್ಯವೆನಿಸುತ್ತದೆ. ಕಡಿಮೆ ಬೆಲೆಯ ಪುಟ್ಟ ಆಸ್ಪಿರಿನ್ ಮಾತ್ರೆ, ಕೊಲೆಸ್ಟ್ರಾಲಿನ ಮಾತ್ರೆ ಇವೆಲ್ಲ "ಈಗ ನೋವಿಲ್ಲವಲ್ಲ" ಎಂಬ ಕಾರಣಕ್ಕೆ ಹಿಂದೆ ಸರಿಯುತ್ತವೆ. ಶಕ್ತಿ ಎಂಬ ಪದಕ್ಕೆ ನಮ್ಮ ಮನಸ್ಸಿನಲ್ಲಿ ಅಷ್ಟು ಬೆಲೆ ಇದೆ. ನಾನು ವೈದ್ಯೆಯಲ್ಲ, ಮಕ್ಕಳಿಗೆ ಪಾಠ ಹೇಳುವವಳು. ಆದರೂ ಈ "ಶಕ್ತಿ"ಯ ವಿಷಯದಲ್ಲಿ ವೈದ್ಯರು ಕಳೆದ ಅರವತ್ತು ವರ್ಷಗಳಲ್ಲಿ ಏನನ್ನು ಹುಡುಕಿದರು, ಏನನ್ನು ಕಂಡರು ಎಂಬುದನ್ನು ಓದಿ ತಿಳಿದಷ್ಟು ನಿಮ್ಮ ಮುಂದಿಡುತ್ತೇನೆ. ಇದನ್ನು ತಿಳಿದರೆ ಡಬ್ಬಿಯಲ್ಲಿ ಯಾವುದಕ್ಕೆ ಯಾವ ಸ್ಥಾನ ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಹೃದಯದ ಉರುವಲು

ಹೃದಯವೆಂದರೆ ಸುಮಾರು ಮುನ್ನೂರು ಗ್ರಾಂ ತೂಗುವ ಒಂದು ಮಾಂಸಖಂಡ. ಅದು ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುತ್ತದೆ. ನಾವು ಮಲಗಿದರೂ ಅದಕ್ಕೆ ವಿಶ್ರಾಂತಿಯಿಲ್ಲ. ಈ ದುಡಿಮೆಗೆ ಶಕ್ತಿ ಬೇಕು. ನಮ್ಮ ದೇಹದ ಜೀವಕೋಶಗಳು ಬಳಸುವ ಶಕ್ತಿಯ ನಾಣ್ಯಕ್ಕೆ ಎ.ಟಿ.ಪಿ. ಎಂದು ಹೆಸರು. ಹೃದಯ ದಿನವೊಂದಕ್ಕೆ ತಯಾರಿಸಿ ಖರ್ಚು ಮಾಡುವ ಎ.ಟಿ.ಪಿ.ಯನ್ನು ಕೂಡಿಸಿ ತೂಗಿದರೆ ಸುಮಾರು 6 ಕಿಲೋ ಆಗುತ್ತದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಅಂದರೆ ಅದರ ಸ್ವಂತ ತೂಕದ ಇಪ್ಪತ್ತು ಪಟ್ಟು! ಆದರೆ ಅದನ್ನು ಕೂಡಿಡುವ ಉಗ್ರಾಣ ಹೃದಯದಲ್ಲಿಲ್ಲ. ಇರುವುದು ಕೆಲವು ಕ್ಷಣಗಳಿಗೆ ಸಾಕಾಗುವಷ್ಟು ಮಾತ್ರ. ದಿನಗೂಲಿಯವನ ಮನೆಯಂತೆ, ಆಗ ದುಡಿದದ್ದು ಆಗಲೇ ಖರ್ಚು.

ಈ ಶಕ್ತಿಯನ್ನು ತಯಾರಿಸಲು ಹೃದಯ ಎರಡು ಬಗೆಯ ಉರುವಲನ್ನು ಮುಖ್ಯವಾಗಿ ಬಳಸುತ್ತದೆ. ಒಂದು ಕೊಬ್ಬು, ಇನ್ನೊಂದು ಸಕ್ಕರೆ, ಅಂದರೆ ಗ್ಲೂಕೋಸ್. ಆರೋಗ್ಯವಂತ ಹೃದಯಕ್ಕೆ ಮೂರರಲ್ಲಿ ಸುಮಾರು ಎರಡು ಪಾಲು ಶಕ್ತಿ ಕೊಬ್ಬಿನಿಂದಲೇ ಬರುತ್ತದೆ. ಕೊಬ್ಬು ಒಳ್ಳೆಯ ಉರುವಲು, ತುಂಬ ಶಕ್ತಿ ಕೊಡುತ್ತದೆ. ಆದರೆ ಅದಕ್ಕೊಂದು ಕೊರತೆಯಿದೆ. ಅಷ್ಟೇ ಶಕ್ತಿಯನ್ನು ಪಡೆಯಲು ಗ್ಲೂಕೋಸಿಗೆ ಬೇಕಾಗುವುದಕ್ಕಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಹೆಚ್ಚು ಆಮ್ಲಜನಕವನ್ನು ಅದು ಕೇಳುತ್ತದೆ.

ಸೌದೆ ಒಲೆಯ ಮುಂದೆ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಳಿ ಚೆನ್ನಾಗಿ ಆಡುವಾಗ ದಪ್ಪ ಕೊರಡೂ ಉರಿಯುತ್ತದೆ. ಗಾಳಿ ಕಟ್ಟಿದಾಗ ಅದೇ ಕೊರಡು ಹೊಗೆ ಕಾರುತ್ತದೆ. ಆಗ ಸಣ್ಣ ಪುರಳೆಯನ್ನು ಹುಡುಕುತ್ತೇವೆ. ಹೃದಯದ ವಿಷಯದಲ್ಲಿ ಗಾಳಿಯೆಂದರೆ ರಕ್ತ ಹೊತ್ತು ತರುವ ಆಮ್ಲಜನಕ.

ರಕ್ತ ಕಡಿಮೆಯಾದಾಗ

ಹೃದಯಕ್ಕೆ ರಕ್ತ ಒದಗಿಸುವ ನಾಳಗಳು ಕೊಬ್ಬಿನ ಪದರದಿಂದ ಕಿರಿದಾಗುವುದುಂಟು. ಮೆಟ್ಟಿಲು ಹತ್ತುವಾಗ, ಬಕೆಟ್ ಎತ್ತುವಾಗ ಎದೆ ಬಿಗಿಯುವುದು, ಕುಳಿತಾಗ ಕಡಿಮೆಯಾಗುವುದು ಇದರ ಲಕ್ಷಣ. ಇದನ್ನು ಆಂಜೈನಾ ಎನ್ನುತ್ತಾರೆ. ಅಲ್ಲಿಯೇ ರಕ್ತ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚಿಕೊಂಡರೆ ಅದು ಹೃದಯಾಘಾತ.

ನಾಳ ಮುಚ್ಚಿದ ಕೆಲವೇ ಕ್ಷಣಗಳಲ್ಲಿ ಆ ಭಾಗದ ಸ್ನಾಯು ಕುಗ್ಗುವ ಕೆಲಸವನ್ನು ನಿಲ್ಲಿಸುತ್ತದೆ. ಆಮ್ಲಜನಕವಿಲ್ಲದೆ ಅಲ್ಪಸ್ವಲ್ಪ ಗ್ಲೂಕೋಸನ್ನು ಉರಿಸಿ ಜೀವ ಹಿಡಿದುಕೊಳ್ಳಲು ಅದು ಪ್ರಯತ್ನಿಸುತ್ತದೆ. ಅದರಿಂದ ಸಿಗುವ ಶಕ್ತಿ ತೀರಾ ಕಡಿಮೆ, ಜೊತೆಗೆ ಆಮ್ಲ ತುಂಬಿಕೊಳ್ಳುತ್ತದೆ. ಸುಮಾರು 20 ನಿಮಿಷ ದಾಟಿದರೆ ಜೀವಕೋಶಗಳು ಸಾಯತೊಡಗುತ್ತವೆ. ಎಲ್ಲವೂ ಒಮ್ಮೆಗೇ ಸಾಯುವುದಿಲ್ಲ. ಹೃದಯದ ಗೋಡೆಯ ಒಳಪದರದಲ್ಲಿ ಆರಂಭವಾಗಿ ಗಂಟೆಗಳ ಅವಧಿಯಲ್ಲಿ ಸಾವು ಹೊರಪದರದತ್ತ ಹರಡುತ್ತದೆ ಎಂಬುದನ್ನು ಅಮೆರಿಕದ ರೈಮರ್ ಮತ್ತು ಜೆನ್ನಿಂಗ್ಸ್ ಎಂಬ ವಿಜ್ಞಾನಿಗಳು ನಾಯಿಗಳ ಮೇಲಿನ ಪ್ರಯೋಗದಿಂದ 1977ರಲ್ಲಿ ತೋರಿಸಿದರು. ಆ ಗಂಟೆಗಳೊಳಗೆ ನಾಳವನ್ನು ತೆರೆದರೆ ಉಳಿದ ಸ್ನಾಯುವನ್ನು ಉಳಿಸಿಕೊಳ್ಳಬಹುದು. ಇಂದು ಕರಗಿಸುವ ಚುಚ್ಚುಮದ್ದು, ಆಂಜಿಯೋಪ್ಲಾಸ್ಟಿ ಎಂದು ನಾವು ಕೇಳುವುದೆಲ್ಲ ಈ ಕೆಲಸಕ್ಕಾಗಿಯೇ ಇರುವಂಥವು.

ಇನ್ನೊಂದು ಸಂಗತಿ ತಿಳಿದಿರಲಿ. ನಾಳ ತೆರೆದ ಕೂಡಲೇ ಸ್ನಾಯು ಮೊದಲಿನಂತೆ ಕೆಲಸ ಮಾಡುವುದಿಲ್ಲ. ಜೀವವಿದ್ದರೂ ಅದು ಮಂಕು ಬಡಿದಂತಿರುತ್ತದೆ. ಇದನ್ನು 1982ರಲ್ಲಿ ಬ್ರಾನ್‌ವಾಲ್ಡ್ ಮತ್ತು ಕ್ಲೋನರ್ ಎಂಬ ವೈದ್ಯರು ವಿವರಿಸಿದರು. ಆದ್ದರಿಂದ ಆಸ್ಪತ್ರೆಯಲ್ಲಿ ಮಾಡಿದ ಮೊದಲ ಎಕೋ ಪರೀಕ್ಷೆಯಲ್ಲಿ "ಪಂಪಿಂಗ್ ಕಡಿಮೆಯಿದೆ" ಎಂದು ಬಂದರೆ ಎಲ್ಲವೂ ಮುಗಿಯಿತೆಂದು ಅಳುತ್ತಾ ಕೂರಬೇಡಿ. ಮಂಕಾದ ಸ್ನಾಯು ಕೆಲವು ದಿನಗಳಲ್ಲಿ ಅಥವಾ ವಾರಗಳಲ್ಲಿ ಚೇತರಿಸಿಕೊಳ್ಳುವುದುಂಟು. ಕೆಲವು ವಾರಗಳ ನಂತರ ಎಕೋ ಪರೀಕ್ಷೆಯನ್ನು ಮತ್ತೆ ಮಾಡಿಸಲು ಹೇಳುವುದು ಈ ಕಾರಣಕ್ಕೆ. ಆ ಪರೀಕ್ಷೆಯನ್ನು ತಪ್ಪಿಸಬಾರದು.

ಸಕ್ಕರೆ ನೀರಿನ ಕಥೆ

ರಕ್ತ ಕಡಿಮೆಯಾದ ಹೃದಯಕ್ಕೆ ಉರುವಲನ್ನೇ ಬದಲಿಸಿ ಕೊಟ್ಟರೆ ಹೇಗೆ? ಇದು ಹಳೆಯ ಯೋಚನೆ. 1962ರಲ್ಲಿ ಮೆಕ್ಸಿಕೋದ ಸೋಡಿ ಪಲ್ಲಾರೆಸ್ ಎಂಬ ಹೃದ್ರೋಗ ತಜ್ಞರು ಗ್ಲೂಕೋಸ್, ಇನ್ಸುಲಿನ್ ಮತ್ತು ಪೊಟ್ಯಾಸಿಯಂ ಸೇರಿಸಿದ ದ್ರಾವಣವನ್ನು ಹೃದಯಾಘಾತದ ರೋಗಿಗಳಿಗೆ ರಕ್ತನಾಳದ ಮೂಲಕ ಕೊಟ್ಟು, ಇ.ಸಿ.ಜಿ.ಯಲ್ಲಿ ಸುಧಾರಣೆ ಕಂಡೆವೆಂದು ಪ್ರಕಟಿಸಿದರು. 1968ರಲ್ಲಿ ಸ್ಕಾಟ್ಲೆಂಡಿನ ಮೈಕೆಲ್ ಆಲಿವರ್ ಮತ್ತು ಸಂಗಡಿಗರು ಇನ್ನೊಂದು ವಿಷಯವನ್ನು ಗಮನಿಸಿದರು. ಹೃದಯಾಘಾತವಾದಾಗ ಭಯ ಮತ್ತು ನೋವಿನಿಂದ ದೇಹದಲ್ಲಿ ಅಡ್ರಿನಾಲಿನ್ ಉಕ್ಕುತ್ತದೆ. ಅದು ದೇಹದ ಕೊಬ್ಬನ್ನು ಕರಗಿಸಿ ರಕ್ತಕ್ಕೆ ಸುರಿಯುತ್ತದೆ. ರಕ್ತದಲ್ಲಿ ಇಂಥ ಕೊಬ್ಬಿನಾಮ್ಲ ಹೆಚ್ಚಿದ್ದ ರೋಗಿಗಳಲ್ಲಿ ಹೃದಯದ ಬಡಿತ ತಪ್ಪುವುದೂ ಸಾವೂ ಹೆಚ್ಚಾಗಿದ್ದವು. ಗಾಳಿ ಕಟ್ಟಿದ ಒಲೆಗೆ ಇನ್ನಷ್ಟು ಕೊರಡು ತುರುಕಿದಂತೆ ಎನ್ನಬಹುದು.

1995ರಲ್ಲಿ ಸ್ವೀಡನ್ನಿನಿಂದ ಒಂದು ಆಶಾದಾಯಕ ಸುದ್ದಿ ಬಂತು. ಸಕ್ಕರೆ ಕಾಯಿಲೆಯಿದ್ದ 620 ಮಂದಿ ಹೃದಯಾಘಾತದ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಇನ್ಸುಲಿನ್ ಮತ್ತು ಗ್ಲೂಕೋಸ್ ಕೊಟ್ಟು, ಆಮೇಲೂ ಇನ್ಸುಲಿನ್ ಮುಂದುವರಿಸಿದಾಗ, ಒಂದು ವರ್ಷದೊಳಗಿನ ಸಾವು ನೂರರಲ್ಲಿ 26ರಿಂದ ಸುಮಾರು 19ಕ್ಕೆ ಇಳಿದಿತ್ತು. ಆದರೆ ಅದೇ ತಂಡ 2005ರಲ್ಲಿ ಪ್ರಕಟಿಸಿದ ಎರಡನೆಯ, ಇನ್ನೂ ದೊಡ್ಡ ಅಧ್ಯಯನದಲ್ಲಿ ಆ ಲಾಭ ಕಾಣಿಸಲಿಲ್ಲ.

ಅದೇ 2005ರಲ್ಲಿ ಅತ್ಯಂತ ದೊಡ್ಡ ಪರೀಕ್ಷೆಯ ಫಲಿತಾಂಶವೂ ಹೊರಬಂತು. ಭಾರತ, ಚೀನಾ, ಲ್ಯಾಟಿನ್ ಅಮೆರಿಕ ಮುಂತಾದ ಕಡೆಗಳ 20,201 ರೋಗಿಗಳು ಅದರಲ್ಲಿದ್ದರು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರೂ ಅದರ ಲೇಖಕರಲ್ಲಿದ್ದರು. ಅರ್ಧ ಜನರಿಗೆ ಮಾಮೂಲಿ ಚಿಕಿತ್ಸೆ, ಉಳಿದ ಅರ್ಧ ಜನರಿಗೆ ಅದರ ಜೊತೆಗೆ ಈ ಗ್ಲೂಕೋಸ್-ಇನ್ಸುಲಿನ್-ಪೊಟ್ಯಾಸಿಯಂ. ಮೂವತ್ತು ದಿನಗಳಲ್ಲಿ ಮಾಮೂಲಿ ಚಿಕಿತ್ಸೆಯವರಲ್ಲಿ ನೂರಕ್ಕೆ 9.7 ಮಂದಿ ತೀರಿಕೊಂಡಿದ್ದರು, ದ್ರಾವಣ ಪಡೆದವರಲ್ಲಿ 10 ಮಂದಿ. ಅಂದರೆ ವ್ಯತ್ಯಾಸವೇ ಇಲ್ಲ.

ಕೊಡುವುದು ತಡವಾಯಿತೇನೋ ಎಂದು ಅಮೆರಿಕದ ವೈದ್ಯರು ಯೋಚಿಸಿದರು. ಆಂಬುಲೆನ್ಸಿನಲ್ಲಿಯೇ ದ್ರಾವಣವನ್ನು ಆರಂಭಿಸಿ ನೋಡಿದರು. 2012ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 871 ರೋಗಿಗಳಿದ್ದರು. ಹೃದಯಾಘಾತವನ್ನು ತಡೆಯುವುದು ಅದರ ಮೊದಲ ಗುರಿಯಾಗಿತ್ತು, ಅದು ಈಡೇರಲಿಲ್ಲ. ಆದರೆ ಹೃದಯ ನಿಂತುಹೋಗುವುದು ಅಥವಾ ಆಸ್ಪತ್ರೆಯಲ್ಲಿ ಸಾವು, ಇವೆರಡನ್ನು ಕೂಡಿಸಿ ನೋಡಿದರೆ ನೂರಕ್ಕೆ 8.7 ಇದ್ದುದು 4.4ಕ್ಕೆ ಇಳಿದಿತ್ತು. ಆಸೆ ಹುಟ್ಟಿಸುವ ಸಂಗತಿಯೇ. ಆದರೆ ಸಣ್ಣ ಅಧ್ಯಯನದ ಎರಡನೆಯ ಸಾಲಿನ ಫಲಿತಾಂಶವನ್ನು ನಂಬಿ ಚಿಕಿತ್ಸೆಯ ಕ್ರಮವನ್ನು ಬದಲಿಸುವಂತಿಲ್ಲ. ಹಾಗಾಗಿ ಈ ದ್ರಾವಣ ಹೃದಯಾಘಾತದ ಮಾಮೂಲಿ ಚಿಕಿತ್ಸೆಯಾಗಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಈ ಕಥೆಯನ್ನು ಓದಿ ಎದೆನೋವು ಬಂದವರಿಗೆ ಸಕ್ಕರೆ ನೀರು, ಗ್ಲೂಕೋಸ್ ಪುಡಿ ಕುಡಿಸಲು ಯಾರೂ ಹೋಗಬೇಡಿ. ಇನ್ಸುಲಿನ್ ಮತ್ತು ಪೊಟ್ಯಾಸಿಯಂ ಎರಡೂ ಅಳತೆ ತಪ್ಪಿದರೆ ಜೀವಕ್ಕೇ ಅಪಾಯ ತರುವಂಥವು. ಅದು ಆಸ್ಪತ್ರೆಯ ಒಳಗಿನ ವಿಷಯ.

ಉರುವಲು ಬದಲಿಸುವ ಮಾತ್ರೆ

ಈಗ ನಮ್ಮ ಮನೆಯ ಚೀಟಿಗೆ ಬರೋಣ. ಟ್ರೈಮೆಟಾಜಿಡಿನ್ ಎಂಬ ಹೆಸರನ್ನು ನಿಮ್ಮಲ್ಲಿ ಹಲವರು ಮಾತ್ರೆಯ ಪಟ್ಟಿಯ ಹಿಂಬದಿಯಲ್ಲಿ ನೋಡಿರಬಹುದು. ಕಂಪೆನಿಯ ಹೆಸರುಗಳು ಬೇರೆ ಬೇರೆ, ಒಳಗಿನ ಔಷಧಿ ಒಂದೇ. ಫ್ರಾನ್ಸಿನಲ್ಲಿ ಹುಟ್ಟಿದ ಈ ಔಷಧಿ ಹೃದಯದ ಜೀವಕೋಶದೊಳಗೆ ಕೊಬ್ಬನ್ನು ಉರಿಸುವ ಒಂದು ಕಿಣ್ವವನ್ನು ತಡೆಯುತ್ತದೆ. ಆಗ ಹೃದಯ ಗ್ಲೂಕೋಸಿನತ್ತ ವಾಲುತ್ತದೆ, ಇರುವಷ್ಟು ಆಮ್ಲಜನಕದಲ್ಲಿ ಸ್ವಲ್ಪ ಹೆಚ್ಚು ಕೆಲಸ ಮಾಡುತ್ತದೆ. ಇದು ನಾಡಿಬಡಿತವನ್ನೂ ಬಿ.ಪಿ.ಯನ್ನೂ ಇಳಿಸುವುದಿಲ್ಲ. ಆದ್ದರಿಂದ ಬಿ.ಪಿ. ಮೊದಲೇ ಕಡಿಮೆಯಿರುವ, ಬೇರೆ ಮಾತ್ರೆಗಳಿಂದಲೂ ಎದೆಬಿಗಿತ ಹೋಗದ ರೋಗಿಗಳಿಗೆ ಇದನ್ನು ಸೇರಿಸಿ ಕೊಡುತ್ತಾರೆ. ನಾಲ್ಕು ಹೆಜ್ಜೆ ಹೆಚ್ಚು ನಡೆಯಲು, ಎದೆಬಿಗಿತ ಕಡಿಮೆಯಾಗಲು ಅದರಿಂದ ಕೆಲವರಿಗೆ ಸಹಾಯವಾಗುತ್ತದೆ.

ಇದು ಆಯುಷ್ಯವನ್ನು ಉಳಿಸುತ್ತದೆಯೇ? ಈ ಪ್ರಶ್ನೆಗೆ ಉತ್ತರ 2020ರಲ್ಲಿ ಸಿಕ್ಕಿತು. ಆಂಜಿಯೋಪ್ಲಾಸ್ಟಿ ಯಶಸ್ವಿಯಾಗಿದ್ದ 6,007 ರೋಗಿಗಳಲ್ಲಿ ಅರ್ಧ ಜನರಿಗೆ ಈ ಮಾತ್ರೆಯನ್ನೂ ಉಳಿದವರಿಗೆ ಔಷಧಿಯಿಲ್ಲದ ಮಾತ್ರೆಯನ್ನೂ ಕೊಟ್ಟು ಸುಮಾರು ನಾಲ್ಕು ವರ್ಷ ನೋಡಿದರು. ಹೃದಯದಿಂದಾದ ಸಾವು, ಮತ್ತೆ ಆಸ್ಪತ್ರೆ ಸೇರುವುದು, ಮತ್ತೆ ಎದೆನೋವು ಬರುವುದು ಎಲ್ಲವನ್ನೂ ಸೇರಿಸಿ ಎಣಿಸಿದರೆ ಒಂದು ಗುಂಪಿನಲ್ಲಿ ನೂರಕ್ಕೆ 23.3, ಇನ್ನೊಂದರಲ್ಲಿ 23.7. ಎರಡೂ ಒಂದೇ ಎನ್ನಬೇಕು. ನಾಳ ತೆರೆದು, ಉಳಿದ ಔಷಧಿಗಳನ್ನು ಸರಿಯಾಗಿ ತೆಗೆದುಕೊಳ್ಳುತ್ತಿರುವವರಿಗೆಲ್ಲ ಈ ಮಾತ್ರೆಯನ್ನು ಸೇರಿಸಿದರೆ ವಿಶೇಷ ರಕ್ಷಣೆ ಸಿಗುವುದಿಲ್ಲ ಎಂದು ಇದರ ಅರ್ಥ. ಎದೆಬಿಗಿತ ಉಳಿದಿರುವವರಿಗೆ ಉಪಶಮನಕ್ಕೆ ಕೊಡುವುದು ಬೇರೆ ವಿಷಯ, ಅದನ್ನು ವೈದ್ಯರು ನಿರ್ಧರಿಸುತ್ತಾರೆ.

ಇದರ ಒಂದು ಅಡ್ಡಪರಿಣಾಮವನ್ನು ಮನೆಯ ಹೆಂಗಸರು ತಿಳಿದಿರಬೇಕು, ಏಕೆಂದರೆ ಮೊದಲು ಗಮನಿಸುವವರು ನೀವೇ. ಕೆಲವರಲ್ಲಿ ಕೈನಡುಕ, ಮೈ ಬಿಗಿತ, ನಡೆಯುವಾಗ ತಡವರಿಸುವುದು, ಅಂದರೆ ಪಾರ್ಕಿನ್ಸನ್ ಕಾಯಿಲೆಯಂಥ ಲಕ್ಷಣಗಳು ಬರುವುದುಂಟು. ಇದೇ ಕಾರಣದಿಂದ ಯುರೋಪಿನ ಔಷಧಿ ನಿಯಂತ್ರಣ ಸಂಸ್ಥೆ 2012ರಲ್ಲಿ ಇದರ ಬಳಕೆಗೆ ಮಿತಿ ಹಾಕಿತು. ಕಿವಿಯ ಮೊರೆತಕ್ಕೆ, ತಲೆಸುತ್ತಿಗೆ ಇದನ್ನು ಕೊಡಬಾರದು, ಆಂಜೈನಾಕ್ಕೆ ಮಾತ್ರ, ಅದೂ ಇತರ ಔಷಧಿಗಳ ಜೊತೆಗೆ ಎಂದಿತು. ಪಾರ್ಕಿನ್ಸನ್ ಇರುವವರು, ಮೂತ್ರಪಿಂಡ ತೀವ್ರವಾಗಿ ಹಾಳಾದವರು ತೆಗೆದುಕೊಳ್ಳಬಾರದು. ಮಾವನವರ ಕೈ ನಡುಗಲು ಶುರುವಾದರೆ "ವಯಸ್ಸಾಯಿತಲ್ಲ" ಎಂದು ಸುಮ್ಮನಾಗದೆ ಡಾಕ್ಟರಿಗೆ ತಿಳಿಸಿ. ಮಾತ್ರೆ ನಿಲ್ಲಿಸಿದರೆ ಇದು ಸಾಮಾನ್ಯವಾಗಿ ಹೋಗುತ್ತದೆ.

ರ‍್ಯಾನೊಲಜಿನ್ ಎಂಬುದು ಇದೇ ಸಾಲಿನ ಇನ್ನೊಂದು ಮಾತ್ರೆ. ಅಮೆರಿಕದಲ್ಲಿ 2006ರಲ್ಲಿ ಆಂಜೈನಾಕ್ಕಾಗಿ ಅನುಮತಿ ಪಡೆಯಿತು. ಇದೂ ಉರುವಲು ಬದಲಿಸುತ್ತದೆ ಎಂದು ಮೊದಲು ತಿಳಿದಿದ್ದರು. ಹೃದಯದ ಜೀವಕೋಶದೊಳಗೆ ಸೋಡಿಯಂ ಹೆಚ್ಚಾಗಿ ನುಗ್ಗದಂತೆ ತಡೆಯುವುದೇ ಇದರ ಮುಖ್ಯ ಕೆಲಸವೆಂದು ಅನಂತರ ತಿಳಿಯಿತು. 2007ರಲ್ಲಿ 6,560 ರೋಗಿಗಳ ಅಧ್ಯಯನದಲ್ಲಿ ಇದು ಮರುಕಳಿಸುವ ಎದೆನೋವನ್ನು ಕಡಿಮೆ ಮಾಡಿತು, ಆದರೆ ಸಾವನ್ನಾಗಲಿ ಹೊಸ ಹೃದಯಾಘಾತವನ್ನಾಗಲಿ ಕಡಿಮೆ ಮಾಡಲಿಲ್ಲ.

ಅರವತ್ತು ವರ್ಷಗಳ ಹುಡುಕಾಟದ ಸಾರ ಇಷ್ಟು: ಉರುವಲನ್ನು ಸರಿಪಡಿಸುವ ಚಿಕಿತ್ಸೆ ನೋವನ್ನು ಇಳಿಸುವ ಸಹಾಯಕ. ಮುಚ್ಚಿದ ನಾಳವನ್ನು ಅದು ತೆರೆಯದು, ತೆರೆದ ನಾಳ ಮತ್ತೆ ಮುಚ್ಚದಂತೆ ಕಾಯದು.

ಶುಗರಿನ ಮಾತ್ರೆ ಹೃದಯಕ್ಕೆ

ಈ ದಾರಿಯಲ್ಲಿ ಇತ್ತೀಚೆಗೆ ಅನಿರೀಕ್ಷಿತ ಕಡೆಯಿಂದ ಒಂದು ಸಹಾಯ ಬಂದಿದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳನ್ನು ಸಕ್ಕರೆ ಕಾಯಿಲೆಗಾಗಿ ತಯಾರಿಸಿದ್ದರು. ಇವು ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುತ್ತವೆ. ಹೃದಯದ ಪಂಪಿಂಗ್ ಕುಗ್ಗಿದವರಲ್ಲಿ, ಸಕ್ಕರೆ ಕಾಯಿಲೆ ಇಲ್ಲದಿದ್ದರೂ, ಇವು ಒಳ್ಳೆಯದು ಮಾಡುತ್ತವೆ ಎಂಬುದು 2019 ಮತ್ತು 2020ರ ದೊಡ್ಡ ಅಧ್ಯಯನಗಳಲ್ಲಿ ಖಚಿತವಾಯಿತು. ಹೃದಯಕ್ಕೆ ಬೇರೆ ಉರುವಲು ಸಿಗುವಂತೆ ಮಾಡುವುದೂ ಇದಕ್ಕೆ ಒಂದು ಕಾರಣವಿರಬಹುದೆಂದು ಕೆಲವು ವಿಜ್ಞಾನಿಗಳ ಅಭಿಪ್ರಾಯ. ಹೃದಯಾಘಾತವಾದ ಕೂಡಲೇ ಎಂಪಾಗ್ಲಿಫ್ಲೋಜಿನ್ ಆರಂಭಿಸಿದ 2024ರ ಅಧ್ಯಯನದಲ್ಲಿ 6,522 ರೋಗಿಗಳಿದ್ದರು. ಸಾವು ಕಡಿಮೆಯಾಗಲಿಲ್ಲ, ಆದರೆ ಹೃದಯ ಸೋತು ಆಸ್ಪತ್ರೆ ಸೇರುವವರ ಸಂಖ್ಯೆ ಕಡಿಮೆಯಾಯಿತು. ನಮ್ಮ ದೇಶದಲ್ಲಿ 2020ರಲ್ಲಿ ಡಾಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಮುಗಿದ ಮೇಲೆ ಹಲವು ಕಂಪೆನಿಗಳು ತಯಾರಿಸತೊಡಗಿ ಬೆಲೆಯೂ ಇಳಿಯಿತು.

"ನಮ್ಮವರಿಗೆ ಶುಗರ್ ಇಲ್ಲ, ಡಾಕ್ಟರು ಯಾಕೆ ಶುಗರಿನ ಮಾತ್ರೆ ಬರೆದರು?" ಎಂದು ಗಾಬರಿಯಾಗಿ ನಿಲ್ಲಿಸಬೇಡಿ. ಹೃದಯಕ್ಕಾಗಿಯೇ ಬರೆದಿರಬಹುದು, ಕೇಳಿ ತಿಳಿದುಕೊಳ್ಳಿ. ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಗುಪ್ತಾಂಗದಲ್ಲಿ ತುರಿಕೆ, ಸೋಂಕು ಬರಬಹುದು. ಹೆಂಗಸರಲ್ಲಿ ಇದು ಹೆಚ್ಚು. ನಾಚಿಕೆಯಿಂದ ಮುಚ್ಚಿಟ್ಟು ಮಾತ್ರೆಯನ್ನೇ ಬಿಟ್ಟುಬಿಡುವವರಿದ್ದಾರೆ. ಶುಚಿತ್ವ ಮತ್ತು ಸರಳ ಔಷಧಿಯಿಂದ ಇದು ಸಾಮಾನ್ಯವಾಗಿ ವಾಸಿಯಾಗುತ್ತದೆ, ವೈದ್ಯೆಯ ಬಳಿ ಹೇಳಿಕೊಳ್ಳಲು ಸಂಕೋಚ ಬೇಡ.

ರಮಝಾನಿನಲ್ಲಿ

ಈ ಮಾತ್ರೆಗಳ ವಿಷಯದಲ್ಲಿ ರಮಝಾನ್ ತಿಂಗಳನ್ನು ಮರೆಯುವಂತಿಲ್ಲ. ಉಪವಾಸವಿದ್ದಾಗ ದೇಹ ಸಕ್ಕರೆ ಮುಗಿಸಿ ಕೊಬ್ಬನ್ನು ಉರಿಸತೊಡಗುತ್ತದೆ, ಕೀಟೋನ್ ಎಂಬ ಆಮ್ಲಗಳು ಹೆಚ್ಚುತ್ತವೆ. ಮೇಲೆ ಹೇಳಿದ ಮಾತ್ರೆಗಳೂ ಅದನ್ನೇ ಮಾಡುತ್ತವೆ, ಜೊತೆಗೆ ಮೂತ್ರ ಹೆಚ್ಚಿಸಿ ನೀರನ್ನೂ ಹೊರಹಾಕುತ್ತವೆ. ಸಕ್ಕರೆ ಕಾಯಿಲೆಯಿರುವ ಕೆಲವರಲ್ಲಿ ಇವೆರಡೂ ಸೇರಿ ಅಪಾಯವಾಗಬಹುದು. ವಾಂತಿ, ಹೊಟ್ಟೆನೋವು, ವಿಪರೀತ ಸುಸ್ತು, ಉಸಿರಾಟ ಜೋರಾಗುವುದು ಕಂಡರೆ ಇಫ್ತಾರಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಇತ್ತೀಚೆಗೆ ಹೃದಯಾಘಾತವಾದವರು ಉಪವಾಸ ಹಿಡಿಯಬಾರದೆಂದೇ ವೈದ್ಯರು ಹೇಳುತ್ತಾರೆ. ರೋಗಿಗೆ ಶರೀಅತ್ ವಿನಾಯಿತಿ ಕೊಟ್ಟಿದೆ ಎಂಬುದು ನಮಗೆಲ್ಲ ತಿಳಿದ ವಿಷಯ. ಆದರೂ ಹಿರಿಯರು "ನನ್ನಿಂದ ಆಗುತ್ತದೆ" ಎಂದು ಹಟ ಹಿಡಿಯುತ್ತಾರೆ, ಮನೆಯವರು ಗೌರವದಿಂದ ಸುಮ್ಮನಾಗುತ್ತಾರೆ. ಪ್ರೀತಿಯಿಂದ ತಿಳಿಹೇಳಿ. ಹೃದಯಾಘಾತವಾಗಿ ಬಹಳ ಕಾಲವಾಗಿ, ಈಗ ಸ್ಥಿರವಾಗಿರುವವರಾದರೆ ಶಾಬಾನ್ ತಿಂಗಳಲ್ಲಿಯೇ ಡಾಕ್ಟರನ್ನು ಕಂಡು ಯಾವ ಮಾತ್ರೆ ಸಹರಿಗೆ, ಯಾವುದು ಇಫ್ತಾರಿಗೆ, ಯಾವುದನ್ನು ಬದಲಿಸಬೇಕು ಎಂದು ಬರೆಸಿಕೊಳ್ಳಿ. ದಿನಕ್ಕೆರಡು ಮಾತ್ರೆಯನ್ನು ನಾವೇ ಒಂದು ಮಾಡುವುದು, ಎರಡನ್ನೂ ಒಟ್ಟಿಗೆ ನುಂಗುವುದು ಸಲ್ಲದು.

ಟಾನಿಕ್, ಜೇನು, ಖರ್ಜೂರ

"ಶಕ್ತಿ" ಎಂಬ ಹೆಸರಿನಲ್ಲಿ ಮಾರಾಟವಾಗುವ ಪುಡಿ, ಟಾನಿಕ್, ಬೆಲೆಬಾಳುವ ಕ್ಯಾಪ್ಸೂಲುಗಳು ಈಗ ಬಹಳ. ಕೋಎನ್‌ಝೈಮ್ ಕ್ಯೂ 10, ಕಾರ್ನಿಟಿನ್ ಎಂಬವು ಜೀವಕೋಶದ ಶಕ್ತಿ ತಯಾರಿಯಲ್ಲಿ ನಿಜವಾಗಿಯೂ ಪಾತ್ರ ವಹಿಸುವ ವಸ್ತುಗಳು. ಕೋಎನ್‌ಝೈಮ್ ಕ್ಯೂ 10 ಕುರಿತು 2014ರಲ್ಲಿ 420 ರೋಗಿಗಳ ಒಂದು ಅಧ್ಯಯನ ಒಳ್ಳೆಯ ಫಲಿತಾಂಶ ತೋರಿಸಿತು. ಆದರೆ ಸಕ್ಕರೆ ನೀರಿನ ಕಥೆಯಲ್ಲಿ ನೋಡಿದಿರಲ್ಲ, 620 ಜನರಲ್ಲಿ ಕಂಡದ್ದು 20,201 ಜನರಲ್ಲಿ ಕಾಣಲಿಲ್ಲ. ಜೇನು, ಖರ್ಜೂರ, ಕರಿಜೀರಿಗೆ ನಮ್ಮ ಮನೆಗಳಲ್ಲಿ ಪ್ರೀತಿಯ ವಸ್ತುಗಳು. ಮಿತವಾಗಿ ಆಹಾರವಾಗಿ ತಿನ್ನಲು ಅಡ್ಡಿಯಿಲ್ಲ. ಆದರೆ ಶುಗರ್ ಇರುವವರಿಗೆ ಜೇನು ಖರ್ಜೂರಗಳೂ ಸಕ್ಕರೆಯೇ. ಇವನ್ನು ನಂಬಿ ಸ್ಟೆಂಟ್ ಹಾಕಿಸಿಕೊಂಡವರ ಮಾತ್ರೆ ನಿಲ್ಲಿಸುವುದು ದೊಡ್ಡ ಅಪಾಯ.

ಹಾಗಾದರೆ ಮುಂದಿನ ಸಾಲಿನಲ್ಲಿ ಯಾವುದು?

ವೈದ್ಯರು ಬರೆದ ಎಲ್ಲ ಮಾತ್ರೆಯನ್ನೂ ಕೊಡಬೇಕು, ಇದು ಮೊದಲ ಮಾತು. ಆದರೂ ಯಾವುದು ಯಾವ ಕೆಲಸಕ್ಕೆ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್: ಇವು ರಕ್ತ ಹೆಪ್ಪುಗಟ್ಟದಂತೆ ಕಾಯುತ್ತವೆ. ಸ್ಟೆಂಟ್ ಹಾಕಿದವರು ಇವನ್ನು ಅವಧಿಗೆ ಮೊದಲೇ ನಿಲ್ಲಿಸಿದರೆ ಸ್ಟೆಂಟ್ ದಿಢೀರನೆ ಮುಚ್ಚಿಕೊಳ್ಳಬಹುದು. ಹಲ್ಲು ಕೀಳಿಸಲು ಹೋದಾಗಲೂ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸುವಂತಿಲ್ಲ.

ಅಟೋರ್ವಾಸ್ಟಾಟಿನ್ ಅಥವಾ ರೋಸುವಾಸ್ಟಾಟಿನ್: ಇವು ಕೊಲೆಸ್ಟ್ರಾಲ್ ಇಳಿಸುತ್ತವೆ, ನಾಳದ ಗೋಡೆಯ ಕೊಬ್ಬಿನ ಪದರ ಒಡೆಯದಂತೆ ಗಟ್ಟಿಮಾಡುತ್ತವೆ. ರಕ್ತಪರೀಕ್ಷೆ ಸರಿ ಬಂದಿತೆಂದು ನಿಲ್ಲಿಸಬಾರದು. ಸರಿ ಬಂದದ್ದು ಮಾತ್ರೆಯಿಂದಲೇ.

ಮೆಟೋಪ್ರೊಲಾಲ್‌ನಂಥವು, ರಾಮಿಪ್ರಿಲ್‌ನಂಥವು: ಇವು ಹೃದಯದ ಹೊರೆ ಇಳಿಸುತ್ತವೆ, ದುರ್ಬಲಗೊಂಡ ಹೃದಯ ಹಿಗ್ಗದಂತೆ ತಡೆಯುತ್ತವೆ.

ಇವುಗಳ ನಂತರದ ಸ್ಥಾನ ಟ್ರೈಮೆಟಾಜಿಡಿನ್, ರ‍್ಯಾನೊಲಜಿನ್‌ನಂಥ ಸಹಾಯಕರದು. ಟಾನಿಕ್ ಪುಡಿಗಳ ಸ್ಥಾನ ಎಲ್ಲಕ್ಕಿಂತ ಕೊನೆಯದು.

ಹಣದ ತೊಂದರೆಯಿದ್ದರೆ ನೀವೇ ಮಾತ್ರೆ ಕಡಿಮೆ ಮಾಡುವ ಬದಲು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. "ಇದರಲ್ಲಿ ಬಿಡಲೇಬಾರದ್ದು ಯಾವುದು? ಕಡಿಮೆ ಬೆಲೆಯಲ್ಲಿ ಸಿಗುವುದು ಇದೆಯೇ?" ಎಂದು ಕೇಳುವುದರಲ್ಲಿ ಅವಮಾನವೇನಿಲ್ಲ. ಮುಂದಿನ ಸಾಲಿನ ಹೆಚ್ಚಿನ ಮಾತ್ರೆಗಳು ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ದೊರೆಯುತ್ತವೆ. ನಮ್ಮ ದೇಶದ 89 ಆಸ್ಪತ್ರೆಗಳ 20,468 ರೋಗಿಗಳನ್ನು ಅಧ್ಯಯನ ಮಾಡಿ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರು ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದ ಬಡವರಲ್ಲಿ ಮೂವತ್ತು ದಿನಗಳೊಳಗೆ ನೂರಕ್ಕೆ 8.2 ಮಂದಿ ತೀರಿಕೊಂಡರೆ ಸಿರಿವಂತರಲ್ಲಿ 5.5 ಮಂದಿ. ಬಡವರಿಗೆ ಅಗತ್ಯ ಚಿಕಿತ್ಸೆಗಳು ಸಿಕ್ಕಿದ್ದೇ ಕಡಿಮೆ ಎಂಬುದನ್ನೂ, ಚಿಕಿತ್ಸೆಯ ಈ ಅಂತರವನ್ನು ಲೆಕ್ಕಕ್ಕೆ ಹಿಡಿದರೆ ಸಾವಿನ ಅಂತರವೂ ಉಳಿಯುವುದಿಲ್ಲ ಎಂಬುದನ್ನೂ ಅವರು ತೋರಿಸಿದರು. ಬಡವರ ಹೃದಯ ಬೇರೆಯಲ್ಲ ಎಂದಾಯಿತು.

ನಿಮ್ಮ ಎದೆಯ ನೋವೂ ನೋವೇ

ಅದೇ ವರದಿಯ ಇನ್ನೊಂದು ಅಂಕಿ ನನ್ನನ್ನು ಹೆಚ್ಚು ಕಾಡುತ್ತದೆ. ತೊಂದರೆ ಆರಂಭವಾಗಿ ಆಸ್ಪತ್ರೆ ತಲುಪಲು ಅರ್ಧದಷ್ಟು ರೋಗಿಗಳಿಗೆ 360 ನಿಮಿಷ, ಅಂದರೆ ಆರು ಗಂಟೆಗಿಂತ ಹೆಚ್ಚು ಹಿಡಿದಿತ್ತು. ಇಪ್ಪತ್ತು ನಿಮಿಷದಲ್ಲಿ ಸಾಯತೊಡಗುವ ಸ್ನಾಯುವಿಗೆ ಆರು ಗಂಟೆ! ಯಾವ ಉರುವಲಿನ ಚಿಕಿತ್ಸೆಯೂ ಈ ನಷ್ಟವನ್ನು ತುಂಬಿಕೊಡಲಾರದು.

ಹೆಂಗಸರಲ್ಲಂತೂ ತಡ ಮಾಡುವುದಕ್ಕೆ ಕಾರಣಗಳು ಬಹಳ. ಅಡುಗೆ ಮುಗಿಯಲಿ, ಮಕ್ಕಳು ಶಾಲೆಯಿಂದ ಬರಲಿ, ಮನೆಯವರು ಅಂಗಡಿಯಿಂದ ಬರಲಿ, ರಾತ್ರಿ ಹೊತ್ತು ಯಾರನ್ನು ಎಬ್ಬಿಸುವುದು, ಗ್ಯಾಸ್ ಇರಬೇಕು, ಒಂದು ಸೋಡಾ ಕುಡಿದರೆ ಹೋದೀತು. ಹೆಂಗಸರಲ್ಲಿಯೂ ಎದೆಯ ನೋವು, ಬಿಗಿತವೇ ಮುಖ್ಯ ಲಕ್ಷಣ. ಆದರೆ ಅದರ ಜೊತೆಗೆ ಅಥವಾ ಅದಿಲ್ಲದೆಯೂ ದವಡೆ, ಬೆನ್ನು, ತೋಳು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಏದುಸಿರು, ತಣ್ಣನೆಯ ಬೆವರು, ವಾಕರಿಕೆ, ಕಾರಣವಿಲ್ಲದ ವಿಪರೀತ ಸುಸ್ತು ಬರಬಹುದು. ಶುಗರ್ ಇರುವವರಿಗೆ ನೋವೇ ಗೊತ್ತಾಗದಿರಬಹುದು.

ಇಂಥ ಲಕ್ಷಣ ಕಂಡರೆ ಕೆಲಸ ಬಿಟ್ಟು ಕುಳಿತುಕೊಳ್ಳಿ. 108ಕ್ಕೆ ಕರೆ ಮಾಡಿಸಿ. ನಡೆದುಕೊಂಡಾಗಲಿ ಬೈಕಿನ ಹಿಂದೆ ಕುಳಿತಾಗಲಿ ಹೋಗಬೇಡಿ. ಆಸ್ಪಿರಿನ್ ಅಗಿಯಲು ಅವರು ಹೇಳಿದರೆ, ಅದರ ಅಲರ್ಜಿ ಇಲ್ಲದಿದ್ದರೆ, ಅಗಿದು ನುಂಗಿ. ಇನ್ನೊಬ್ಬರಿಗೆ ಬರೆದುಕೊಟ್ಟ, ನಾಲಿಗೆಯಡಿ ಇಡುವ ಮಾತ್ರೆಯನ್ನು ತೆಗೆದುಕೊಳ್ಳಬೇಡಿ, ಬಿ.ಪಿ. ತೀರಾ ಕುಸಿಯಬಹುದು. ಮೊದಲು ಇ.ಸಿ.ಜಿ. ಇರುವ ಹತ್ತಿರದ ಆಸ್ಪತ್ರೆಗೆ ತಲುಪುವುದು ಮುಖ್ಯ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ 2023ರಲ್ಲಿ ಸರಕಾರ ಘೋಷಿಸಿದ ಹೃದಯ ಜ್ಯೋತಿ ಯೋಜನೆಯ ಉದ್ದೇಶವೂ ಇದುವೇ. ಜಿಲ್ಲಾ, ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಿಸುವ ಏರ್ಪಾಡು ಅದು. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು ಇಂದೇ ವಿಚಾರಿಸಿಡಿ. ತೊಂದರೆ ಬಂದ ಹೊತ್ತಿನಲ್ಲಿ ವಿಚಾರಿಸುತ್ತಾ ಕೂರಲು ಸಮಯವಿರುವುದಿಲ್ಲ.

ಮಾತ್ರೆಯ ಚೀಟಿಯ ಒಂದು ಪ್ರತಿಯನ್ನು, ಹಳೆಯ ಇ.ಸಿ.ಜಿ.ಯನ್ನು, ಆಸ್ಪತ್ರೆಯ ಬಿಡುಗಡೆ ಪತ್ರವನ್ನು ಒಂದೇ ಕಡೆ ಇಡಿ. ಅದು ಎಲ್ಲಿದೆಯೆಂದು ಮನೆಯ ಮಕ್ಕಳಿಗೂ ತೋರಿಸಿ. 108 ಕ್ಕೆ ಕರೆ ಮಾಡಿ ವಿಳಾಸ ಹೇಳುವುದನ್ನು ಅವರಿಗೆ ಕಲಿಸಿ. ಇಷ್ಟಕ್ಕೆ ಒಂದು ಸಂಜೆ ಸಾಕು.